ಅಬೂ ಉಮೈರ್‌ನ ಹಕ್ಕಿ

(ಜುಮಾ ಖುತ್ಬಾದ ಸಾರಾಂಶ)





ಮದೀನಾದಲ್ಲಿ ಉಮ್ಮು ಸುಲೈಮ್(ರ) ಎಂಬ ಸಹಾಬಿ ಮಹಿಳೆಯ ಮನೆಗೆ ಪ್ರವಾದಿವರ್ಯರು(ಸ) ಆಗಾಗ ಹೋಗುತ್ತಿದ್ದರು. ಪ್ರವಾದಿ(ಸ)ರ ಸೇವೆಯಲ್ಲಿದ್ದ ಅನಸ್(ರ) ಆ ಮನೆಯ ಮಗ. ಅವರಿಗೊಬ್ಬ ಪುಟ್ಟ ತಮ್ಮನಿದ್ದ. ಆಗಷ್ಟೇ ತಾಯಿಯ ಹಾಲು ಬಿಟ್ಟಿದ್ದ ಪ್ರಾಯ. ಅವನನ್ನು ಎಲ್ಲರೂ ಅಬೂ ಉಮೈರ್ ಎಂದು ಕರೆಯುತ್ತಿದ್ದರು. ಆಟವಾಡಲು ಅವನ ಬಳಿ ಗುಬ್ಬಚ್ಚಿಯಂಥ ಒಂದು ಹಕ್ಕಿಯಿತ್ತು. ಅರಬಿಯಲ್ಲಿ ಅದನ್ನು ನುಗೈರ್ ಎನ್ನುತ್ತಾರೆ. ಒಂದು ದಿನ ಪ್ರವಾದಿ(ಸ)ರು ಹೋದಾಗ ಹುಡುಗನ ಮುಖ ಬಾಡಿತ್ತು. ಏನಾಯಿತೆಂದು ಮನೆಯವರನ್ನು ಕೇಳಿದರು. ಹಕ್ಕಿ ಸತ್ತಿದೆ ಎಂದರು. ಆಗ ಪ್ರವಾದಿ(ಸ)ರು ಆ ಪುಟ್ಟ ಹುಡುಗನನ್ನೇ ಅವನ ಹೆಸರು ಹಿಡಿದು ಕರೆದು, ನುಗೈರ್‌ಗೆ ಏನಾಯಿತೆಂದು ವಿಚಾರಿಸಿದರು. ಉಮೈರ್, ನುಗೈರ್ ಎಂದು ಪ್ರಾಸ ಕೂಡಿಸಿ, ಮಕ್ಕಳ ಆಟದ ಮಾತಿನ ಧಾಟಿಯಲ್ಲಿ ಕೇಳಿದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಹದೀಸ್ ಇದು.

ಮದೀನಾದ ಆಡಳಿತ, ಯುದ್ಧಗಳು, ನಾನಾ ಕಡೆಯಿಂದ ಬರುವ ನಿಯೋಗಗಳು, ಇಳಿದು ಬರುತ್ತಿದ್ದ ವಹೀ, ಇಷ್ಟೆಲ್ಲ ಹೊರೆಯ ನಡುವೆ ಒಂದು ಹಕ್ಕಿಯ ವಿಚಾರಣೆ! ಅದು ಬರೀ ಹಕ್ಕಿ ತಾನೆ, ಇನ್ನೊಂದು ತಂದರಾಯಿತು ಎಂದು ಅವರು ಹೇಳಲಿಲ್ಲ. ಗಂಡು ಮಗು ಅಳಬಾರದು ಎನ್ನಲಿಲ್ಲ. ಉಪದೇಶ ಮಾಡಲಿಲ್ಲ. ಹಕ್ಕಿಯ ಬಗ್ಗೆ ಕೇಳಿದರು.

ಹಿಜರಿ ನಾಲ್ಕನೇ ಶತಮಾನದ ಶಾಫಿಈ ವಿದ್ವಾಂಸರಾದ ಇಬ್ನುಲ್ ಕಾಸ್ ಈ ಒಂದೇ ಹದೀಸ್‌ನಿಂದ 60ಕ್ಕೂ ಹೆಚ್ಚು ಪಾಠಗಳನ್ನು ತೆಗೆದು ಒಂದು ಕಿರುಗ್ರಂಥವನ್ನೇ ಬರೆದರು. ಮದ್ರಸದಲ್ಲಿದ್ದಾಗ ಅವುಗಳಲ್ಲಿ ಕೆಲವನ್ನು ನಾವು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆವು, ಅಂಕವೂ ಬಂದಿತ್ತು. ಆದರೆ ಆ ಹದೀಸ್ ನಮಗೆ ನಿಜವಾಗಿ ತಲುಪಿದ್ದು ಹೋದ ವರ್ಷ, ಒಬ್ಬ ಹುಡುಗನ ಮೂಲಕ. ಅವನ ಮತ್ತು ಅವನ ತಂದೆಯ ಅನುಮತಿ ಪಡೆದೇ ಇಲ್ಲಿ ಹೇಳುತ್ತಿದ್ದೇವೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇವೆ. ದಯವಿಟ್ಟು ಯಾರ ಮಗನೆಂದು ಹುಡುಕಲು ಹೋಗಬೇಡಿ.

ತಂದೆಗೆ ರಸೆಲ್ ಮಾರ್ಕೆಟ್ ಬಳಿ ಸಣ್ಣ ವ್ಯಾಪಾರ. ಶಿವಾಜಿನಗರದ ಗಲ್ಲಿಯೊಂದರಲ್ಲಿ ಬಾಡಿಗೆ ಮನೆ. ಅಜ್ಜ ಅಜ್ಜಿಯ ಕಾಲದಿಂದಲೂ ಅದೇ ಗಲ್ಲಿ. ಬಾಡಿಗೆ ಏರಿತು, ಮನೆ ಬಿಡಬೇಕಾಯಿತು. ನಿಮ್ಮಲ್ಲಿ ಎಷ್ಟೋ ಮಂದಿಯ ಹಾಗೆ ಅವರೂ ಕೆ.ಆರ್. ಪುರದ ಕಡೆಗೆ ಹೋದರು. ಹುಡುಗ ಎಸೆಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದ. ಮನೆಯಲ್ಲಿ ಒಬ್ಬ ಡಾಕ್ಟರ್ ಆಗಲಿ ಎಂದು ವಿಜ್ಞಾನಕ್ಕೆ ಸೇರಿಸಿದರು, ಜೊತೆಗೆ ನೀಟ್ ಕೋಚಿಂಗ್. ಗಲ್ಲಿಯ ಗೆಳೆಯರು ಕಾಮರ್ಸ್‌ಗೆ ಹೋದರು, ಇಬ್ಬರು ಗ್ಯಾರೇಜ್ ಸೇರಿದರು. ಇವನು ಬೆಳಿಗ್ಗೆ ಕತ್ತಲಿರುವಾಗಲೇ ಹೊರಟು ರಾತ್ರಿ ಮನೆ ಮುಟ್ಟುತ್ತಿದ್ದ. ಸಂಜೆ ನಮ್ಮ ಮಸೀದಿಯಲ್ಲಿ ನಮಾಝ್ ಮುಗಿಸಿ, ಸ್ವಲ್ಪ ಹೊತ್ತು ತಜ್ವೀದ್ ಕ್ಲಾಸಿನಲ್ಲಿ ಕುಳಿತು, ಎಂ.ಜಿ. ರೋಡ್‌ವರೆಗೆ ನಡೆದು ಹೋಗಿ ಮೆಟ್ರೋ ಹಿಡಿಯುತ್ತಿದ್ದ.

ಅವನು ಮಾತಾಡುತ್ತಿರಲಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ. ಗಲಾಟೆಯಿಲ್ಲ, ಜಗಳವಿಲ್ಲ, ತಲೆ ತಗ್ಗಿಸಿ ಬರುವುದು, ತಲೆ ತಗ್ಗಿಸಿ ಹೋಗುವುದು. ಸಹೋದರರೇ, ಹೇಳಲು ನಾಚಿಕೆಯಾಗುತ್ತದೆ, ನಾವು ಉಳಿದ ಹುಡುಗರ ಮುಂದೆ ಅವನನ್ನೇ ಮಾದರಿಯಾಗಿ ತೋರಿಸುತ್ತಿದ್ದೆವು. ನೋಡಿ, ಶರೀಫ್ ಹುಡುಗ ಎಂದರೆ ಹೀಗಿರಬೇಕು ಎನ್ನುತ್ತಿದ್ದೆವು. ಮಾತು ಬತ್ತಿಹೋಗುತ್ತಿದ್ದ ಹುಡುಗನ ಮೌನವನ್ನು ಅದಬ್ ಎಂದು ತಿಳಿದುಕೊಂಡಿದ್ದೆವು.

ಒಮ್ಮೆ ಅವನ ತಾಯಿ ಮದ್ರಸದ ಬಾಗಿಲಿಗೆ ಬಂದಿದ್ದರು. ಹುಡುಗ ಊಟ ಮಾಡುತ್ತಿಲ್ಲ ಹಝ್ರತ್, ರಾತ್ರಿಯೆಲ್ಲ ಮೊಬೈಲಿನಲ್ಲಿ ಜಪಾನಿ ಕಾರ್ಟೂನ್ ನೋಡುತ್ತಾನೆ, ನಝರ್ ಬಿದ್ದಿದೆಯೋ ಏನೋ ಎಂದರು. ನಾವು ನೀರಿಗೆ ದಮ್ ಮಾಡಿ ಕೊಟ್ಟೆವು. ಮನೆಯಲ್ಲಿ ಸೂರಾ ಬಕರಾ ಓದಲು ಹೇಳಿದೆವು. ಮೊಬೈಲ್ ಕಿತ್ತಿಡಿ ಎಂದೆವು. ಅದೇ ವಾರ ಇದೇ ಮಿಂಬರ್ ಮೇಲೆ ನಿಂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತಿರುಗುವ ಯುವಕರ ಬಗ್ಗೆ ಗಟ್ಟಿ ದನಿಯಲ್ಲಿ ಖುತ್ಬಾ ಕೊಟ್ಟೆವು. ಹಿರಿಯರೆಲ್ಲ ಹೊರಗೆ ಬಂದು ಕೈ ಹಿಡಿದು ಮೆಚ್ಚಿಕೊಂಡರು. ಅಂದು ಎರಡನೇ ಸಫ್‌ನಲ್ಲಿ ಆ ಹುಡುಗನೂ ಕುಳಿತಿದ್ದ.

ಅಲ್ಲಾಹನ ಕಲಾಮ್ ಓದಿದ್ದು ತಪ್ಪೆಂದು ನಾವು ಹೇಳುತ್ತಿಲ್ಲ. ಅದರಲ್ಲಿ ಶಿಫಾ ಇದೆ ಎಂಬುದು ನಮ್ಮ ವಿಶ್ವಾಸ. ಆದರೆ ನಾವು ಹುಡುಗನನ್ನು ಒಂದು ಮಾತೂ ಕೇಳದೆ ನೀರಿನ ಬಾಟಲಿಯನ್ನು ಅವನ ತಾಯಿಯ ಕೈಗೆ ಕೊಟ್ಟು ಕಳುಹಿಸಿದೆವು. ತಪ್ಪು ಅಲ್ಲಿದೆ.

ಎರಡು ತಿಂಗಳ ಬಳಿಕ, ಇಶಾ ನಮಾಝ್ ಆದ ಮೇಲೆ, ಗ್ಯಾರೇಜಿನಲ್ಲಿ ಕೆಲಸ ಮಾಡುವ ಅವನ ಹಳೆಯ ಗೆಳೆಯ ಬಂದ. ಕೈಗೆ ಇನ್ನೂ ಗ್ರೀಸ್ ಅಂಟಿತ್ತು. ಒಳಗೆ ಬರಲು ಹಿಂಜರಿದು ಮೆಟ್ಟಿಲ ಬಳಿಯೇ ನಿಂತ. ಹಝ್ರತ್, ಅವನ ಜೊತೆ ನೀವೊಮ್ಮೆ ಮಾತಾಡಿ, ಅವನು ಸರಿಯಾಗಿಲ್ಲ, ನನಗೆ ಹೆದರಿಕೆಯಾಗ್ತಿದೆ ಎಂದ. ನಾವು ಪ್ರತಿದಿನ ನೋಡುತ್ತಿದ್ದ ಹುಡುಗನಲ್ಲಿ ನಮಗೆ ಕಾಣದ್ದು, ನಾವು ಎಷ್ಟೋ ಸಲ ಗದರಿಸಿದ್ದ ಈ ಹುಡುಗನಿಗೆ ಕಂಡಿತ್ತು. ಅಲ್ಲಾಹನು ಅವನಿಗೆ ಒಳಿತು ನೀಡಲಿ.

ಮರುದಿನ ಕ್ಲಾಸ್ ಮುಗಿದ ಮೇಲೆ ಅವನನ್ನು ಉಳಿಸಿಕೊಂಡೆವು. ಏನಾಗಿದೆ ಬೇಟಾ ಎಂದರೆ ಏನಿಲ್ಲ ಹಝ್ರತ್. ಓದು ಹೇಗಿದೆ ಎಂದರೆ ಚೆನ್ನಾಗಿದೆ ಹಝ್ರತ್. ನಮಾಝ್ ತಪ್ಪಿಸುತ್ತಿದ್ದೀಯಾ ಎಂದು ಕೇಳಬೇಕೆಂದು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಬ್ಯಾಗಿನಿಂದ ಇಣುಕುತ್ತಿದ್ದ ನೋಟ್‌ಬುಕ್ ಕಂಡಿತು. ಭೌತಶಾಸ್ತ್ರದ ನೋಟ್‌ಬುಕ್, ಅದರ ಹಿಂದಿನ ಹಾಳೆಗಳ ತುಂಬ ಚಿತ್ರಗಳು. ಮುಳ್ಳಿನಂತೆ ನಿಂತ ಕೂದಲು, ಹಣೆಗೆ ಪಟ್ಟಿ, ಕೆನ್ನೆಯ ಮೇಲೆ ಬೆಕ್ಕಿನ ಮೀಸೆಯಂಥ ಗೆರೆಗಳಿರುವ ಒಬ್ಬ ಹುಡುಗ. ಅಬೂ ಉಮೈರ್‌ನ ಹದೀಸ್ ಆಗ ನೆನಪಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಬೇರೇನೂ ತೋಚದೆ ಕೇಳಿದೆವು, ಇವನು ಯಾರು?

ಸುಮಾರು 40 ನಿಮಿಷ ಅವನು ಮಾತಾಡಿದ. ಎರಡು ವರ್ಷದಲ್ಲಿ ಅವನಿಂದ ನಾವು ಕೇಳಿದ ಒಟ್ಟು ಮಾತಿಗಿಂತ ಅದು ಹೆಚ್ಚು. ಚಿತ್ರದಲ್ಲಿದ್ದವನ ಹೆಸರು ನರುಟೊ. ತಂದೆ ತಾಯಿ ಇಲ್ಲದ ಹುಡುಗ. ಹುಟ್ಟಿದಾಗಲೇ ಒಂದು ಭಯಂಕರ ಜೀವಿಯನ್ನು ಅವನೊಳಗೆ ಬಂಧಿಸಿದ್ದಾರೆ. ಅದಕ್ಕೇ ಊರಿನವರೆಲ್ಲ ಅವನಿಂದ ದೂರ ಸರಿಯುತ್ತಾರೆ, ಏಕೆಂದು ಅವನಿಗೆ ಗೊತ್ತಿಲ್ಲ. ಜನ ತನ್ನನ್ನು ನೋಡಲಿ ಎಂದು ಅವನು ಕೀಟಲೆ ಮಾಡುತ್ತಾನೆ, ಜೋರಾಗಿ ನಗುತ್ತಾನೆ. ಇಷ್ಟು ಹೇಳಿ ಹುಡುಗ ನಿಲ್ಲಿಸಿದ. ಆಮೇಲೆ, ಅವನಾದ್ರೂ ನಗ್ತಾನೆ ಹಝ್ರತ್, ನನಗೆ ಅದೂ ಆಗಲ್ಲ ಎಂದ. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, ರಾತ್ರಿ ಮಲಗುವಾಗ ಬೆಳಿಗ್ಗೆ ಎಚ್ಚರವಾಗದಿದ್ದರೆ ಸಾಕು ಅನ್ನಿಸುತ್ತೆ ಎಂದ.

ಸಹೋದರರೇ, ನಮ್ಮ ಮನೆಗಳಲ್ಲಿ ಒಂದು ಮಗು ಈ ಮಾತು ಹೇಳಿದರೆ ಮೊದಲು ಬರುವ ಉತ್ತರ ಏನೆಂದು ನಿಮಗೂ ಗೊತ್ತು. ತೌಬಾ ತೌಬಾ, ಹರಾಮ್ ಮಾತು, ಬಾಯಿ ಮುಚ್ಚು. ಹರಾಮ್ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಕುರ್‌ಆನ್‌ನಲ್ಲಿ ಮರ್ಯಮ್(ಅ)ರ ವೃತ್ತಾಂತ ಓದಿದ್ದೀರಲ್ಲ, ಸೂರಾ ಮರ್ಯಮ್ 22ರಿಂದ 26ನೇ ಆಯತ್‌ಗಳು. ಎಳೆಯ ಪ್ರಾಯದ ಹೆಣ್ಣುಮಗಳು, ಒಬ್ಬಳೇ, ಊರಿನಿಂದ ದೂರ, ಪ್ರಸವ ವೇದನೆ, ಮುಂದೆ ಜನರ ನಾಲಿಗೆಯ ಭಯ. ಖರ್ಜೂರದ ಮರದ ಬುಡಕ್ಕೆ ಒರಗಿ ಅವರು, ಇದಕ್ಕೆ ಮೊದಲೇ ತಾನು ಸತ್ತು, ಮರೆತುಹೋದ ವಸ್ತುವಾಗಿದ್ದರೆ ಚೆನ್ನಾಗಿತ್ತು ಎಂದು ಗೋಳಾಡಿದರು. ಇಂಥ ಮಾತಾಡಿದ್ದು ಸಾಮಾನ್ಯ ಮಹಿಳೆಯಲ್ಲ, ಲೋಕದ ಮಹಿಳೆಯರಲ್ಲಿ ಅಲ್ಲಾಹನು ಆರಿಸಿಕೊಂಡ ಮರ್ಯಮ್(ಅ). ಅದಕ್ಕೆ ಬಂದ ಉತ್ತರದಲ್ಲಿ ಗದರಿಕೆಯ ಒಂದು ಶಬ್ದವೂ ಇಲ್ಲ. ದುಃಖಿಸಬೇಡ ಎಂಬ ಸಾಂತ್ವನ, ಕಾಲಡಿಯಲ್ಲಿ ನೀರು, ಮರ ಅಲುಗಿಸಿದರೆ ಮಾಗಿದ ಖರ್ಜೂರ. ತಿನ್ನು, ಕುಡಿ, ಕಣ್ಣು ತಂಪು ಮಾಡಿಕೋ ಎಂಬ ಆಜ್ಞೆ. ಇವತ್ತು ಯಾರ ಜೊತೆಗೂ ಮಾತಾಡಬೇಕಾಗಿಲ್ಲ ಎಂಬ ವಿನಾಯಿತಿಯೂ ಇತ್ತು. ನೀರು, ಆಹಾರ, ವಿಶ್ರಾಂತಿ, ಜನರ ಪ್ರಶ್ನೆಗಳಿಂದ ಬಿಡುಗಡೆ. ಮೊದಲು ಸಿಕ್ಕಿದ್ದು ಇವು.

ಈಮಾನ್ ಗಟ್ಟಿಯಿದ್ದರೆ ಇಂಥ ದುಃಖ ಬರುವುದಿಲ್ಲ ಎಂದು ವಾದಿಸುವವರು ಯಾಕೂಬ್(ಅ)ರ ಕಥೆಯನ್ನೂ ಓದಬೇಕು. ಮಗನಿಗಾಗಿ ಮರುಗಿ ಅವರ ಕಣ್ಣು ಬೆಳ್ಳಗಾಯಿತು. ಇನ್ನೂ ಎಷ್ಟು ದಿನ ಯೂಸುಫ್ ಯೂಸುಫ್ ಎನ್ನುತ್ತೀರಿ ಎಂದು ಮನೆಯವರೇ ಆಕ್ಷೇಪಿಸಿದರು. ಅಲ್ಲಾಹನು ಆಕ್ಷೇಪಿಸಲಿಲ್ಲ.

ಈಗ ಕೆಲವರು ಮನಸ್ಸಿನಲ್ಲೇ ಕೇಳುತ್ತಿರಬಹುದು, ಇಮಾಮರು ಕಾರ್ಟೂನ್ ಪರವಾಗಿ ಮಾತಾಡುತ್ತಿದ್ದಾರಲ್ಲ ಎಂದು. ಸಂಗೀತ, ಸಿನಿಮಾಗಳ ಬಗ್ಗೆ ನಮ್ಮ ಉಲಮಾಗಳ ಅಭಿಪ್ರಾಯ ಏನೆಂದು ನಿಮಗೆ ಗೊತ್ತಿದೆ. ಈ ಮಿಂಬರ್‌ನಿಂದ ನಾವೇ ಹೇಳಿದ್ದೇವೆ, ಅದು ಬದಲಾಗಿಲ್ಲ. ನಡುರಾತ್ರಿ ಎರಡು ಗಂಟೆಯವರೆಗೆ ಪರದೆ ನೋಡುವುದರಿಂದ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಮನಸ್ಸೂ ಕೆಡುತ್ತದೆ ಎಂಬುದೂ ನಿಜ. ನಾವು ಹೇಳುತ್ತಿರುವುದು ಪ್ರಶ್ನೆಗಳ ಕ್ರಮದ ಬಗ್ಗೆ. ಇದನ್ನು ಏಕೆ ನೋಡುತ್ತಿದ್ದೀಯ ಎಂದು ಗದರಿಸುವ ಮೊದಲು, ಇದರಲ್ಲಿ ನಿನಗೆ ಏನು ಕಂಡಿತು ಎಂದು ಕೇಳಿ. ಮೊದಲನೆಯ ಪ್ರಶ್ನೆಗೆ ಮಗು ಬಾಗಿಲು ಹಾಕಿಕೊಳ್ಳುತ್ತದೆ.

ನಮ್ಮದೇ ಒಂದು ಮಾತು ಹೇಳುತ್ತೇವೆ. ಮದ್ರಸ ಮುಗಿಸಿ ಬಿ.ಎ.ಗೆ ಸೇರಿದಾಗ ಇಡೀ ತರಗತಿಯಲ್ಲಿ ಟೋಪಿ, ಗಡ್ಡ ಇದ್ದವರು ನಾವೊಬ್ಬರೇ. ಯಾರೂ ಕೆಟ್ಟದಾಗಿ ನಡೆದುಕೊಂಡಿರಲಿಲ್ಲ, ಆದರೂ ಬೆಂಚಿನಲ್ಲಿ ನಮ್ಮ ಪಕ್ಕದ ಜಾಗ ಮಾತ್ರ ಬಹಳ ದಿನ ಖಾಲಿ ಉಳಿಯುತ್ತಿತ್ತು. ಮನೆಯಲ್ಲಿ ಹೇಳಲಿಲ್ಲ, ಹೇಳಲು ಅದೊಂದು ದೊಡ್ಡ ಕಷ್ಟವೂ ಆಗಿರಲಿಲ್ಲ. ಆಗ ಲೈಬ್ರರಿಯಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಒಂದು ಕಥೆ ಸಿಕ್ಕಿತು, ಡೇರ್ ಡೆವಿಲ್ ಮುಸ್ತಾಫಾ. ಅಬಚೂರಿನ ಕಾಲೇಜಿಗೆ ಒಬ್ಬ ಮುಸ್ಲಿಮ್ ಹುಡುಗ ಬಂದು ಸೇರುವ ಕಥೆ. ಅವನ ಬಗ್ಗೆ ಸಹಪಾಠಿಗಳಿಗೆ ಇದ್ದ ಭಯ, ಕುತೂಹಲಗಳನ್ನು ತೇಜಸ್ವಿ ತಮಾಷೆಯಾಗಿ ಬರೆದಿದ್ದಾರೆ. ಲೈಬ್ರರಿಯಲ್ಲಿ ಕೂತು ಜೋರಾಗಿ ನಕ್ಕುಬಿಟ್ಟೆವು. ನಮ್ಮ ಪಕ್ಕದ ಆ ಖಾಲಿ ಜಾಗವನ್ನು, ನಮ್ಮನ್ನು ಕಾಣದೆಯೇ, ಮೂಡಿಗೆರೆಯ ಒಬ್ಬ ಲೇಖಕರು ನೋಡಿದ್ದರಲ್ಲ ಎನ್ನಿಸಿತು. 2023ರಲ್ಲಿ ಅದು ಸಿನಿಮಾ ಕೂಡ ಆಗಿ, ನಮ್ಮ ಕ್ಲಾಸಿನ ಹುಡುಗರು ಅದರ ಬಗ್ಗೆ ಗುಸುಗುಸು ಮಾತಾಡುತ್ತಿದ್ದಾಗ ನಾವು ಕೇಳಿಸದವರಂತೆ ಮುಂದೆ ಹೋಗಿದ್ದೆವು. ನಮಗೆ ಆ ಕಥೆ ಏನಾಗಿತ್ತೋ, ಇವನಿಗೆ ಅವನ ನರುಟೊ ಅದೇ ಆಗಿದ್ದ.

ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಹೆಚ್ಚು. 2022ರ ಫೆಬ್ರವರಿ, ಮಾರ್ಚ್‌ನಲ್ಲಿ ಕಾಲೇಜು ಗೇಟಿನ ಮುಂದೆ ನಿಂತಿದ್ದ ಹುಡುಗಿಯರ ವಯಸ್ಸು ನೆನಪಿಸಿಕೊಳ್ಳಿ. ಹದಿನಾರು, ಹದಿನೇಳು. ಹೈಕೋರ್ಟಿನ ತೀರ್ಪು, ಟಿವಿಯ ಚರ್ಚೆ, ನಮ್ಮ ಸಭೆಗಳು, ಎಲ್ಲವೂ ನಡೆದವು. ಆ ಮಕ್ಕಳು ರಾತ್ರಿ ನಿದ್ದೆ ಮಾಡುತ್ತಿದ್ದಾರೆಯೇ ಎಂದು ಕೇಳಿದವರು ಕಡಿಮೆ. ನಮ್ಮ ಮನೆಯವರ ಬಳಿ ಕುರ್‌ಆನ್ ಓದಲು ಬರುವ ಹುಡುಗಿಯೊಬ್ಬಳು ಒಮ್ಮೆ ನಟಿ ದೀಪಿಕಾ ಪಡುಕೋಣೆಯ ಹೆಸರು ಎತ್ತಿದಳಂತೆ. ಇದೇ ಬೆಂಗಳೂರಿನಲ್ಲಿ ಬೆಳೆದ ಆಕೆ, ಹೆಸರು, ಹಣ ಎಲ್ಲ ಇದ್ದೂ ತಾನು ಖಿನ್ನತೆಯಿಂದ ಬಳಲಿದ್ದೆ ಎಂದು 2015ರಲ್ಲಿ ಬಹಿರಂಗವಾಗಿ ಹೇಳಿದ್ದರು. ಚಿಕಿತ್ಸೆ ಪಡೆದಿದ್ದನ್ನೂ ಮುಚ್ಚಿಡಲಿಲ್ಲ. ಆ ಸಂದರ್ಶನ ನೋಡಿದ ಮೇಲೆಯೇ ನನಗಿರುವುದು ಸೋಮಾರಿತನ ಅಲ್ಲ, ಅದಕ್ಕೊಂದು ಹೆಸರಿದೆ ಎಂದು ಗೊತ್ತಾಯಿತು ಎಂದಳಂತೆ ಹುಡುಗಿ. ಆ ಮಾತನ್ನು ನಮ್ಮಿಂದ, ಅವಳ ತಾಯಿಯಿಂದ, ಅವಳ ಟೀಚರಿಂದ ಅವಳು ಕೇಳಬಹುದಿತ್ತು. ನಾವು ಯಾರೂ ಹೇಳಿರಲಿಲ್ಲ, ಸಿನಿಮಾ ನಟಿ ಹೇಳಬೇಕಾಯಿತು.

ಆದರೆ ಕಥೆ, ಹಾಡು, ಸಂದರ್ಶನಗಳು ಹೆಸರನ್ನು ಕೊಡುತ್ತವೆ, ಒಂಟಿಯಲ್ಲ ಎಂಬ ಧೈರ್ಯ ಕೊಡುತ್ತವೆ. ಕಾಯಿಲೆಯನ್ನು ಗುಣ ಮಾಡುವುದಿಲ್ಲ. ಮೊಬೈಲಿನ ರೀಲ್‌ಗಳಂತೂ ಪರೀಕ್ಷೆಯ ಮುಂಚಿನ ಭಯವನ್ನೂ ಡಿಪ್ರೆಶನ್ ಎಂದೇ ಕರೆಯುತ್ತವೆ. ಬೇಸರ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಎರಡು ವಾರ ಕಳೆದರೂ ಹೋಗದೆ, ನಿದ್ದೆ, ಊಟ, ಓದು, ಹಿಂದೆ ಇಷ್ಟವಾಗುತ್ತಿದ್ದ ಆಟ, ಗೆಳೆತನ ಎಲ್ಲದರಿಂದಲೂ ಮಗು ದೂರವಾದರೆ ವೈದ್ಯರಿಗೆ ತೋರಿಸಬೇಕು. ಹದಿಹರೆಯದವರಲ್ಲಿ ಅದು ಅಳುವಾಗಿಯೇ ಬರಬೇಕೆಂದಿಲ್ಲ, ಸಿಡುಕಾಗಿ, ತಲೆನೋವಾಗಿ, ಹೊಟ್ಟೆನೋವಾಗಿ ಬರಬಹುದು. ನಮ್ಮ ಹುಡುಗನ ಹಾಗೆ ಬರೀ ಮೌನವಾಗಿಯೂ ಇರಬಹುದು.

ಇದು ಎಲ್ಲೋ ಯಾರಿಗೋ ಆಗುವ ವಿಷಯವಲ್ಲ. ನಮ್ಮ ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. 13ರಿಂದ 17 ವರ್ಷದವರಲ್ಲಿ ಶೇಕಡ 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ ಎಂದು ಅದು ಹೇಳಿತು. ನಮ್ಮ ಸಂಜೆ ಮದ್ರಸದಲ್ಲಿ 60 ಮಕ್ಕಳಿದ್ದಾರೆ. ಆ ಲೆಕ್ಕದಲ್ಲಿ ನಾಲ್ಕು ಮಂದಿ. ನಾವು ಒಬ್ಬನನ್ನು ಗುರುತಿಸಿದ್ದೇವೆ, ಅದೂ ಗ್ಯಾರೇಜಿನ ಹುಡುಗ ಬಂದು ಹೇಳಿದ ಮೇಲೆ.

ವೈದ್ಯರ ಬಳಿಗೆ ಹೋಗುವುದು ತವಕ್ಕುಲ್‌ಗೆ ವಿರುದ್ಧ ಎಂದು ಯಾರೂ ತಿಳಿಯಬಾರದು. ಚಿಕಿತ್ಸೆ ಪಡೆಯಲು ಪ್ರವಾದಿ(ಸ)ರೇ ಆಜ್ಞಾಪಿಸಿದ್ದಾರೆ. ಕ್ರಿ.ಶ. 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖಿ ಎಂಬ ನಮ್ಮ ವಿದ್ವಾಂಸರು ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಬರೆದ ಗ್ರಂಥದಲ್ಲಿ, ಕಾರಣ ಗೊತ್ತಿರುವ ದುಃಖ ಬೇರೆ, ಕಾರಣ ತಿಳಿಯದೆ ಕವಿಯುವ ದುಃಖ ಬೇರೆ ಎಂದು ವಿಂಗಡಿಸಿದ್ದರು. ಎರಡನೆಯದಕ್ಕೆ ದೇಹದ ಚಿಕಿತ್ಸೆಯೂ ಬೇಕೆಂದರು. ಸಾವಿರ ವರ್ಷದ ಹಿಂದೆ ಅಷ್ಟು ತಿಳಿದಿದ್ದ ಸಮುದಾಯದ ನಾವು, 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ನಡೆದದ್ದನ್ನೂ ಮರೆಯಬಾರದು. ಅಲ್ಲಿನ ದರ್ಗಾದ ಹೆಸರಿನಲ್ಲಿ ನಡೆಯುತ್ತಿದ್ದ ಒಂದು ಆಶ್ರಯದ ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸತ್ತರು, ಒಟ್ಟು 28 ಜನ. ಅವರನ್ನು ಅಲ್ಲಿ ಬಿಟ್ಟು ಹೋದವರು ಶತ್ರುಗಳಲ್ಲ, ಪ್ರೀತಿಯಿಂದ, ನಂಬಿಕೆಯಿಂದ ಬಿಟ್ಟುಹೋದ ಮನೆಯವರೇ.

ನಮ್ಮ ಊರಿನ ಅದೃಷ್ಟವೆಂದರೆ ದೇಶದ ಬೇರೆ ಕಡೆಯವರು ರೈಲು ಹತ್ತಿ ಬರುವ ನಿಮ್ಹಾನ್ಸ್ ನಮಗೆ ಹೊಸೂರು ರಸ್ತೆಯಲ್ಲೇ ಇದೆ. ಮಕ್ಕಳಿಗೂ ಹದಿಹರೆಯದವರಿಗೂ ಅಲ್ಲಿ ಪ್ರತ್ಯೇಕ ವಿಭಾಗವಿದೆ. ಶಿವಾಜಿನಗರದವರಿಗೆ ಬೌರಿಂಗ್ ಆಸ್ಪತ್ರೆ ನಡೆದು ಹೋಗುವ ದೂರ, ಅಲ್ಲಿಯೂ ಮನೋವೈದ್ಯರಿದ್ದಾರೆ. ಮನೆಯಿಂದ ಹೊರಡಲು ಸಂಕೋಚವಾದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಈ ಸರ್ಕಾರಿ ಸೇವೆ 2022ರ ಅಕ್ಟೋಬರ್‌ನಲ್ಲಿ ಶುರುವಾಗಿದೆ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಮಗು ಸಾವಿನ ಮಾತಾಡಿದರೆ ನೇರವಾಗಿ, ಮೆಲ್ಲಗೆ ಕೇಳಿ, ಬದುಕೇ ಬೇಡ ಅನ್ನಿಸುತ್ತಿದೆಯಾ ಎಂದು. ಕೇಳಿದರೆ ತಲೆಗೆ ಆ ಯೋಚನೆ ಬಂದುಬಿಡುತ್ತದೆ ಎಂಬ ಹೆದರಿಕೆ ಬೇಡ, ವೈದ್ಯರೇ ಹಾಗೆ ಹೇಳುತ್ತಾರೆ. ಅಂದು ಆ ಮಗುವನ್ನು ಒಂಟಿಯಾಗಿ ಬಿಡಬೇಡಿ.

ಹುಡುಗನ ತಂದೆಯ ಬಗ್ಗೆ ಒಂದು ಮಾತು. ವಿಷಯ ತಿಳಿಸಲು ಹೋದಾಗ ಅವರು ಮೊದಲು ಸಿಟ್ಟಾದರು. ನಾನು ಹದಿನಾಲ್ಕು ವಯಸ್ಸಿಗೆ ಗಾಡಿ ತಳ್ಳಿದವನು, ನನಗೆ ಯಾವ ಡಿಪ್ರೆಶನ್ನೂ ಬರಲಿಲ್ಲ ಎಂದರು. ನಾವು ಸುಮ್ಮನಿದ್ದೆವು. ಚಹಾ ತರಿಸಿದರು. ಗ್ಲಾಸ್ ಖಾಲಿಯಾಗುವ ಹೊತ್ತಿಗೆ, ಹಳೆಯ ಮನೆ ಬಿಟ್ಟ ಮೇಲೆ ನನಗೂ ರಾತ್ರಿ ನಿದ್ದೆ ಬರುವುದಿಲ್ಲ ಹಝ್ರತ್ ಎಂದರು. ಮಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಅವರೇ. ಅಂಗಡಿ ಮುಚ್ಚಿ, ಸಾಲಿನಲ್ಲಿ ನಿಂತು, ಮೂರು ಸಲ ಹೋದರು. ನೀಟ್ ಕೋಚಿಂಗ್ ನಿಲ್ಲಿಸಿದ್ದಾರೆ. ಔಷಧಿ ನಡೆಯುತ್ತಿದೆ, ಪ್ರತಿ ತಿಂಗಳು ಮಾತುಕತೆಯ ಚಿಕಿತ್ಸೆಯೂ ಇದೆ. ಹುಡುಗ ಪೂರ್ತಿ ಸರಿಹೋಗಿದ್ದಾನೆ ಎಂದು ನಾವು ಹೇಳುವುದಿಲ್ಲ. ಕೆಲವು ಸಂಜೆ ಬರುತ್ತಾನೆ, ಕೆಲವು ಸಂಜೆ ಬರುವುದಿಲ್ಲ. ಬರದಿದ್ದಾಗ ಗ್ಯಾರೇಜಿನ ಗೆಳೆಯ ಫೋನ್ ಮಾಡುತ್ತಾನೆ. ಅವನನ್ನು ಈಗ ಮಾದರಿಯಾಗಿ ತೋರಿಸುವುದನ್ನು ನಿಲ್ಲಿಸಿದ್ದೇವೆ, ಅದು ಅವನಿಗೆ ಬಹಳ ನೆಮ್ಮದಿಯಂತೆ.

ಈ ಭಾನುವಾರ ಅಸರ್ ಬಳಿಕ ಮದ್ರಸದ ಕೋಣೆ ತೆರೆದಿರುತ್ತದೆ. ನಮ್ಮ ಮೊಹಲ್ಲಾದ ಡಾಕ್ಟರ್ ಸಾಹೇಬರೊಬ್ಬರು ಬಂದು ಕುಳಿತುಕೊಳ್ಳಲು ಒಪ್ಪಿದ್ದಾರೆ. ತಾಯಂದಿರಿಗೆ, ಹೆಣ್ಣುಮಕ್ಕಳಿಗೆ ಪಕ್ಕದ ಮೆಟ್ಟಿಲಿನಿಂದ ಬರುವ ವ್ಯವಸ್ಥೆ ಇದೆ, ಅವರ ಜೊತೆ ನಮ್ಮ ಮನೆಯವರು ಇರುತ್ತಾರೆ. ಹೆಸರು ಬರೆಸಬೇಕಾಗಿಲ್ಲ. ಮಕ್ಕಳು ತಮಗೆ ಇಷ್ಟವಾದ ಪುಸ್ತಕ, ಚಿತ್ರ, ಏನು ಬೇಕಾದರೂ ತರಬಹುದು. ನಾವು ಕೂಡ ಇರುತ್ತೇವೆ. ನರುಟೊ ಕಥೆಯಲ್ಲಿ ಊರಿನವರು ಮುಂದೆ ಏನು ಮಾಡಿದರು ಎಂದು ನಮಗಿನ್ನೂ ಗೊತ್ತಿಲ್ಲ, ಹುಡುಗ ಅದನ್ನು ಭಾನುವಾರಕ್ಕೆಂದು ಉಳಿಸಿಕೊಂಡಿದ್ದಾನೆ.

ಚಿಂತೆಯಿಂದಲೂ ದುಃಖದಿಂದಲೂ ಅಭಯ ಬೇಡಲು ಪ್ರವಾದಿ(ಸ)ರು ಕಲಿಸಿದ ದುಆವನ್ನು ಈಗ ಎರಡನೇ ಖುತ್ಬಾದಲ್ಲಿ ಓದಲಿದ್ದೇವೆ. ನಿಮ್ಮ ಮಕ್ಕಳ ಹೆಸರನ್ನು ಮನಸ್ಸಿನಲ್ಲಿ ತಂದುಕೊಂಡು ಆಮೀನ್ ಹೇಳಿ.